ರಕ್ತ ಹೀರುವ ಉಣ್ಣೆ ಯಾರ ಮೈಮೇಲಿರುತ್ತದೆ, ಯಾವಾಗ, ಮಿಕ್ಕ ಹೊತ್ತು ಎಲ್ಲಿ?

ಈ ಪಾಠ ಓದುವಾಗ ನಾನು ಒಂದು ಪಟ್ಟಿ ಮಾಡಿಕೊಂಡಿದ್ದೆ. ಎಡಕ್ಕೆ ಉಣ್ಣೆಯ ಹೆಸರು, ಬಲಕ್ಕೆ ಪ್ರಾಣಿಯ ಹೆಸರು. ಇಕ್ಸೋಡಿಸ್ ಸ್ಕ್ಯಾಪ್ಯುಲಾರಿಸ್ ಅಂದ್ರೆ ಜಿಂಕೆ, ಮುಗೀತು. ಪರೀಕ್ಷೆಯಲ್ಲಿ ಕೇಳಿದ್ದು ‘ಇದರ ಲಾರ್ವಾ (ಮೊಟ್ಟೆಯೊಡೆದು ಬಂದ ಮರಿ) ಯಾರ ರಕ್ತ ಕುಡಿಯುತ್ತದೆ?’ ಅಂತ. ಪೆನ್ನು ಅಲ್ಲೇ ನಿಂತಿತು. ಉತ್ತರ: ಹೆಚ್ಚಾಗಿ ಇಲಿ.

ಹಾಗಾಗಿ ಮೊದಲು ಹಂತಗಳನ್ನು ತಿಳಿದುಕೊಳ್ಳಿ. ಮೊಟ್ಟೆ, ಲಾರ್ವಾ, ನಿಂಫ್ ಅನ್ನುವ ನಡುವಿನ ಹಂತ, ಬೆಳೆದ ಉಣ್ಣೆ. ಲಾರ್ವಾಕ್ಕೆ ಆರೇ ಕಾಲು, ಮುಂದಿನ ಎರಡೂ ಹಂತಕ್ಕೆ ಎಂಟು. ಮೈಕ್ರೋಸ್ಕೋಪಿನಲ್ಲಿ ಆರು ಕಾಲು ಎಣಿಸಿ ‘ಕೀಟ’ ಅಂತ ಬರೆದುಬಿಡಬೇಡಿ. ಉಣ್ಣೆ ಜೇಡ, ಚೇಳುಗಳ ಬಳಗ. ಒಟ್ಟು ಸುಮಾರು 900 ಪ್ರಭೇದಗಳಿವೆ. ಬೆನ್ನ ಮೇಲೆ ಗಟ್ಟಿ ಫಲಕ ಇರುವವು ಗಟ್ಟಿ ಉಣ್ಣೆ, ಇಲ್ಲದವು ಮೆತ್ತನೆ ಉಣ್ಣೆ.

ರಕ್ತ ಕೊಡುವ ಪ್ರಾಣಿಗೆ ಪುಸ್ತಕದಲ್ಲಿ ‘ಆತಿಥೇಯ’ ಅಂತಾರೆ. ಕರೆಯದೇ ಬರುವ ಅತಿಥಿಗೆ ಆತಿಥೇಯ, ಪಾಪ. ಗಟ್ಟಿ ಉಣ್ಣೆಗಳಲ್ಲಿ ಬಹುಪಾಲು ಮೂರು ಆತಿಥೇಯರವು. ಒಂದರ ಮೈಯಲ್ಲಿ ಕುಡಿದು, ಉದುರಿ, ನೆಲದಲ್ಲಿ ಪೊರೆ ಕಳಚಿ, ಮತ್ತೊಂದನ್ನು ಹುಡುಕುತ್ತವೆ. ಅಂದರೆ ಆಯುಷ್ಯದ ಬಹುಪಾಲು ಕಳೆಯುವುದು ನೆಲದಲ್ಲಿ. ಪ್ರಾಣಿಯ ಮೈಮೇಲೆ ಇರುವುದು ಕೆಲವೇ ದಿನ.

ಸ್ಕ್ಯಾಪ್ಯುಲಾರಿಸ್ ಉತ್ತರ ಅಮೆರಿಕದ ಪೂರ್ವ ಭಾಗದ ಕಾಡುಗಳದ್ದು. ತರಗೆಲೆಯ ಅಡಿಯ ತೇವ ಇಲ್ಲದಿದ್ದರೆ ಒಣಗಿ ಸಾಯುತ್ತದೆ. ಲಾರ್ವಾ, ನಿಂಫ್‌ಗಳಿಗೆ ಬಿಳಿಗಾಲಿನ ಇಲಿ, ಹಕ್ಕಿಯಂಥ ಸಣ್ಣ ಜೀವಿಗಳು. ಬೆಳೆದ ಮೇಲೆ ಬಿಳಿಬಾಲದ ಜಿಂಕೆ. ಈ ಉಣ್ಣೆ ಕಚ್ಚಿ ಮನುಷ್ಯರಿಗೆ ಬರುವ ಲೈಮ್ ರೋಗದ ಬ್ಯಾಕ್ಟೀರಿಯಾ ಉಣ್ಣೆಗೆ ಸಿಗುವುದು ಇಲಿಯಂಥವುಗಳಿಂದ, ಜಿಂಕೆಯಿಂದಲ್ಲ. ಜಿಂಕೆ ಬರೀ ಹೊಟ್ಟೆ ತುಂಬಿಸಿ ಸಂಖ್ಯೆ ಹೆಚ್ಚಿಸುತ್ತದೆ. ನನ್ನ ಪಟ್ಟಿ ಎಷ್ಟು ದಾರಿ ತಪ್ಪಿಸಿತ್ತು ನೋಡಿ!

ಹೀಮಾಫೈಸಾಲಿಸ್ ಸ್ಪೈನಿಜೆರಾ ಕೂಡ ಹೀಗೇ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯನ್ನು ಹರಡುವ ಮುಖ್ಯ ಉಣ್ಣೆ ಇದೇ. ಮಲೆನಾಡಿನವರ ಬಾಯಲ್ಲಿ ಉಣುಗು. ಸಣ್ಣ ಪ್ರಾಣಿ, ಹಕ್ಕಿ, ಮಂಗಗಳು ಎಳೆಯ ಹಂತಗಳಿಗೆ. ದನದಂಥ ದೊಡ್ಡ ಪ್ರಾಣಿಗಳು ಬೆಳೆದವಕ್ಕೆ. ಮನುಷ್ಯರಿಗೆ ಜಾಸ್ತಿ ಕಚ್ಚುವುದು ಒಣ ತಿಂಗಳುಗಳ ನಿಂಫ್.

ಈಗ ಅಪವಾದಗಳು. ದನದ ಉಣ್ಣೆ ರಿಪಿಸೆಫಾಲಸ್ ಮೈಕ್ರೋಪ್ಲಸ್ ಒಂದೇ ಆತಿಥೇಯನದು. ಲಾರ್ವಾ ಹತ್ತಿದ ಮೇಲೆ ಅದೇ ದನದ ಮೈಯಲ್ಲೇ ಎರಡು ಸಲ ಪೊರೆ ಕಳಚಿ, ಸುಮಾರು ಮೂರು ವಾರದಲ್ಲಿ ಹೊಟ್ಟೆ ಉಬ್ಬಿಸಿಕೊಂಡು ಇಳಿಯುತ್ತದೆ. ನಾಯಿ ಉಣ್ಣೆ ರಿಪಿಸೆಫಾಲಸ್ ಸ್ಯಾಂಗ್ವಿನಿಯಸ್ ಇನ್ನೂ ತಲೆಹರಟೆ: ಮೂರು ಸಲ ಹತ್ತುತ್ತದೆ, ಮೂರೂ ಸಲ ನಾಯಿಗೇ! ನಡುವಿನ ಹೊತ್ತು ಗೋಡೆ ಬಿರುಕಿನಲ್ಲಿ. ಒಣ ಗಾಳಿ ತಡೆಯುವುದರಿಂದಲೇ ಮನೆಯೊಳಗೂ ಬದುಕುತ್ತದೆ. ಹಯಲೋಮಾ ಮಾರ್ಜಿನೇಟಮ್‌ಗೆ ಇಬ್ಬರು ಆತಿಥೇಯರು. ಎಳೆಯವು ಹಕ್ಕಿ, ಮೊಲದ ಮೇಲೆ; ಬೆಳೆದವು ದನ, ಕುದುರೆಯ ಮೇಲೆ. ವಲಸೆ ಹಕ್ಕಿಯ ಜೊತೆ ದೇಶ ದಾಟುವುದೂ ಇದೆ. ಮಿಕ್ಕ ಎಷ್ಟೋ ಉಣ್ಣೆಗಳು ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಸುಮ್ನೆ ಕಾಯುತ್ತವೆ. ಬೆಳೆದ ಹಯಲೋಮಾ ನೆಲದಿಂದೆದ್ದು ಬೆನ್ನಟ್ಟಿಕೊಂಡೇ ಬರುತ್ತದೆ.

ಮೆತ್ತನೆ ಉಣ್ಣೆಗಳ ಕಥೆಯೇ ಬೇರೆ. ಕೋಳಿಯ ಆರ್ಗಸ್ ಪರ್ಸಿಕಸ್ ತಗೊಳ್ಳಿ. ಲಾರ್ವಾ ಮಾತ್ರ ಕೆಲವು ದಿನ ಕೋಳಿಗೆ ಅಂಟಿಕೊಂಡಿರುತ್ತದೆ. ದೊಡ್ಡವು ರಾತ್ರಿ ಬಂದು, ಬೇಗ ಬೇಗ ಕುಡಿದು, ಗೂಡಿನ ಸಂದಿಗೆ ವಾಪಸ್. ರಕ್ತ ಸಿಗದಿದ್ದರೂ ವರ್ಷಗಟ್ಟಲೆ ಬದುಕಬಲ್ಲವು. ಹಗಲಲ್ಲಿ ರೆಕ್ಕೆ ಎತ್ತಿ ನೋಡಿದರೆ ಒಂದೂ ಸಿಗಲ್ಲ. ಚಾಕುವಿನ ತುದಿ ಹಾಕಿ ಗೂಡಿನ ಹಲಗೆಯ ಸಂದಿ ಕೆದಕಿ ನೋಡಿ, ಅಲ್ಲಿ ಚಪ್ಪಟೆಯಾಗಿ ಒತ್ತಿಕೊಂಡು ಕೂತಿರುತ್ತವೆ.