ಒಂದೇ ಪಂದ್ಯ ಮುಗಿದಿದ್ದಾಗ ಡಾನ್‌ಕಾಸ್ಟರ್ ಬೆಲ್ಸ್ ಕೆಳಗಿಳಿದದ್ದು ಹೇಗೆ?

ಪ್ರಶ್ನೆ: ಡಾನ್‌ಕಾಸ್ಟರ್ ಬೆಲ್ಸ್ ಆರು ಸಲ ಮಹಿಳಾ ಎಫ್‌ಎ (ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ) ಕಪ್ ಗೆದ್ದ ಇಂಗ್ಲೆಂಡಿನ ಮಹಿಳಾ ಫುಟ್‌ಬಾಲ್ ತಂಡ. 2013ರ ಸೀಸನ್ನಿನಲ್ಲಿ ಅದು ಇನ್ನೂ ಒಂದೇ ಲೀಗ್ ಪಂದ್ಯ ಆಡಿತ್ತು, ಅಷ್ಟರಲ್ಲೇ ‘ಮುಂದಿನ ವರ್ಷ ನೀವು ಎರಡನೇ ಡಿವಿಷನ್’ ಎಂದು ಹೇಳಿಬಿಟ್ಟರಂತೆ. ಪಾಯಿಂಟ್ಸ್ ನೋಡದೆ ಹೀಗೆ ಮಾಡಲು ಬರುತ್ತದೆಯೇ?

ಉತ್ತರ: ಬರುತ್ತಿತ್ತು. ಇಂಗ್ಲೆಂಡಿನ ಮಹಿಳೆಯರ ಅತ್ಯುನ್ನತ ಲೀಗ್ ಆದ ವಿಮೆನ್ಸ್ ಸೂಪರ್ ಲೀಗ್‌ನಲ್ಲಿ ಆಗ ಜಾಗ ಕೊಡುತ್ತಿದ್ದದ್ದು ಲೈಸೆನ್ಸ್, ಪಾಯಿಂಟ್ಸ್ ಅಲ್ಲ. ಆ ಲೈಸೆನ್ಸ್ ಲೆಕ್ಕದಲ್ಲಿ ಬೆಲ್ಸ್ ಯಾಕೆ ಹಿಂದೆ ಬಿತ್ತು ಅನ್ನುವುದಕ್ಕೆ ಕ್ಲಬ್ಬಿನ ಹುಟ್ಟಿನಿಂದಲೇ ಶುರುಮಾಡಬೇಕು.

1969ರಲ್ಲಿ ಈ ತಂಡ ಕಟ್ಟಿದವರು ಡಾನ್‌ಕಾಸ್ಟರ್ ರೋವರ್ಸ್ ಎಂಬ ಪುರುಷರ ಕ್ಲಬ್ಬಿನ ಬೆಲ್ ವ್ಯೂ ಮೈದಾನದಲ್ಲಿ ‘ಗೋಲ್ಡನ್ ಗೋಲ್’ ಟಿಕೆಟ್ ಮಾರುತ್ತಿದ್ದ ಹುಡುಗಿಯರು. ಅದೊಂದು ಸಣ್ಣ ಲಾಟರಿ: ಟಿಕೆಟ್ ಮೇಲೆ ಒಂದು ಸಮಯ ಅಚ್ಚಾಗಿರುತ್ತದೆ, ಪಂದ್ಯದ ಮೊದಲ ಗೋಲು ಸರಿಯಾಗಿ ಆ ಹೊತ್ತಿಗೆ ಬಿದ್ದರೆ ಟಿಕೆಟ್ ಹಿಡಿದವರಿಗೆ ಬಹುಮಾನ. ತಂಡದ ಮೊದಲ ಹೆಸರು ಬೆಲ್ ವ್ಯೂ ಬೆಲ್ಸ್. ತನ್ನ ಅಧೀನದ ಕ್ಲಬ್‌ಗಳ ಮೈದಾನಗಳಲ್ಲಿ ಮಹಿಳೆಯರು ಆಡಕೂಡದೆಂದು ಎಫ್‌ಎ 1921ರ ಡಿಸೆಂಬರಿನಲ್ಲಿ ಹಾಕಿದ್ದ ನಿಷೇಧ ಆಗಿನ್ನೂ ಇತ್ತು. ಟಿಕೆಟ್ ಮಾರಲು ಅಡ್ಡಿಯಿಲ್ಲದ ಮೈದಾನದಲ್ಲೇ ಚೆಂಡು ಒದೆಯಲು ಆ ಹುಡುಗಿಯರಿಗೆ ಹಕ್ಕಿರಲಿಲ್ಲ.

ಹೀಗೆ ಹುಟ್ಟಿದ ತಂಡ 1983ರಿಂದ 1994ರ ತನಕದ ಹನ್ನೆರಡು ವರ್ಷಗಳಲ್ಲಿ ಹನ್ನೊಂದು ಸಲ ಎಫ್‌ಎ ಕಪ್ ಫೈನಲ್ ಆಡಿತು. ತಪ್ಪಿದ್ದು 1989 ಒಂದೇ. 1983, 1987, 1988, 1990, 1992, 1994ರಲ್ಲಿ ಕಪ್ ಗೆದ್ದಿತು. 1991–92ರಲ್ಲಿ ಮೊದಲ ರಾಷ್ಟ್ರೀಯ ಲೀಗ್ ಆರಂಭವಾದಾಗ ಹದಿನಾಲ್ಕಕ್ಕೆ ಹದಿನಾಲ್ಕೂ ಪಂದ್ಯ ಗೆದ್ದು ಚಾಂಪಿಯನ್ ಆಯಿತು. ಮಿಡ್‌ಫೀಲ್ಡ್‌ನಲ್ಲಿ ಗಿಲಿಯನ್ ಕೋಲ್ಟಾರ್ಡ್ ಇದ್ದರು. ಇಂಗ್ಲೆಂಡ್ ಪರ 100 ಪಂದ್ಯ ಮುಟ್ಟಿದ ಮೊದಲ ಮಹಿಳೆ ಅವರೇ, ಒಟ್ಟು ಆಡಿದ್ದು 119. ಮುಂದೆ ಗೋಲು ಹೊಡೆಯಲು ಕರೆನ್ ವಾಕರ್. ಫುಟ್‌ಬಾಲ್ ಸಂಬಳದಿಂದ ಯಾರ ಮನೆಯೂ ನಡೆಯುತ್ತಿರಲಿಲ್ಲ. ಕೋಲ್ಟಾರ್ಡ್ ಕೂಡ ಕಾರ್ಖಾನೆ ಕೆಲಸ ಮುಗಿಸಿ ಆಡುತ್ತಿದ್ದವರು. ಈ ಸಾಧನೆಯ ಹಿಂದೆ ದೊಡ್ಡ ಕ್ಲಬ್ಬಿನ ಹಣವಿರಲಿಲ್ಲ ಅನ್ನುವುದು ಬೆಲ್ಸ್‌ನ ಹಿರಿಮೆ. ಮುಂದೆ ಅವರಿಗೆ ಮುಳುವಾದದ್ದೂ ಅದೇ.

2011ರಲ್ಲಿ ಸೂಪರ್ ಲೀಗ್ ಬಂತು. ಹದಿನಾರು ಕ್ಲಬ್‌ಗಳು ಅರ್ಜಿ ಹಾಕಿದವು, ಎಂಟಕ್ಕೆ ಲೈಸೆನ್ಸ್ ಸಿಕ್ಕಿತು, ಬೆಲ್ಸ್ ಅದರಲ್ಲೊಂದು. ಎಫ್‌ಎ ಪ್ರತಿ ಕ್ಲಬ್ಬಿಗೆ ವರ್ಷಕ್ಕೆ 70,000 ಪೌಂಡ್ ಕೊಡುತ್ತಿತ್ತು, ಅಷ್ಟೇ ಮೊತ್ತವನ್ನು ಕ್ಲಬ್ ತಾನೂ ಹೊಂದಿಸಬೇಕಿತ್ತು. 20,000 ಪೌಂಡ್‌ಗಿಂತ ಹೆಚ್ಚಿನ ವಾರ್ಷಿಕ ಸಂಬಳವನ್ನು ಒಂದು ಕ್ಲಬ್ ನಾಲ್ಕೇ ಆಟಗಾರ್ತಿಯರಿಗೆ ಕೊಡಬಹುದಿತ್ತು. ಕೆಳಗೆ ಬೀಳುವ, ಮೇಲೆ ಏರುವ ವ್ಯವಸ್ಥೆ ಇರಲಿಲ್ಲ. ಹಾಗಾಗಿಯೇ ಮೊದಲೆರಡು ಸೀಸನ್ ಕೊನೆಯ ಸ್ಥಾನದಲ್ಲಿದ್ದ ಲಿವರ್‌ಪೂಲ್ ಉಳಿದುಕೊಂಡು, ಮಾತೃ ಕ್ಲಬ್ಬಾದ ಪುರುಷರ ಲಿವರ್‌ಪೂಲ್‌ನ ಹಣ ಬಂದ ಮೇಲೆ 2013, 2014 ಎರಡೂ ವರ್ಷ ಚಾಂಪಿಯನ್ ಆಯಿತು.

2014ರಿಂದ ಎರಡು ಡಿವಿಷನ್ ಮಾಡಲು ಎಫ್‌ಎ ತೀರ್ಮಾನಿಸಿದಾಗ ಎಲ್ಲ ಕ್ಲಬ್‌ಗಳೂ ಹೊಸದಾಗಿ ಅರ್ಜಿ ಹಾಕಬೇಕಾಯಿತು. ಹಣಕಾಸು ನಿರ್ವಹಣೆ, ಮಾರುಕಟ್ಟೆ ಮತ್ತು ಪ್ರಾಯೋಜಕತ್ವ, ಮೈದಾನ ಮತ್ತು ಸೌಲಭ್ಯ, ಆಟಗಾರ್ತಿಯರು–ಸಿಬ್ಬಂದಿ–ಯುವ ತರಬೇತಿ: ಅಳೆದದ್ದು ಈ ನಾಲ್ಕನ್ನು. ಕಪಾಟಿನಲ್ಲಿದ್ದ ಕಪ್‌ಗಳಿಗೆ ಇದರಲ್ಲಿ ಅಂಕವಿಲ್ಲ. ಫಲಿತಾಂಶ ಬಂದದ್ದು 2013ರ ಏಪ್ರಿಲ್‌ನಲ್ಲಿ. ಬೆಲ್ಸ್ ಎರಡನೇ ಡಿವಿಷನ್‌ಗೆ. ಮೇಲಿನ ಡಿವಿಷನ್ನಿಗೆ ಹೊಸದಾಗಿ ಬಂದದ್ದು ಸೂಪರ್ ಲೀಗ್‌ಗಿಂತ ಕೆಳಗಿನ ಹಂತವಾದ ಮಹಿಳಾ ಪ್ರೀಮಿಯರ್ ಲೀಗ್ ನ್ಯಾಷನಲ್ ಡಿವಿಷನ್‌ನಲ್ಲಿ ಆ ಸೀಸನ್ ನಾಲ್ಕನೆಯದಾಗಿದ್ದ ಮ್ಯಾಂಚೆಸ್ಟರ್ ಸಿಟಿ. ಬೆಲ್ಸ್ ಮೇಲ್ಮನವಿ ಸಲ್ಲಿಸಿತು, ತಿರಸ್ಕೃತವಾಯಿತು.

ಮಹಿಳಾ ಫುಟ್‌ಬಾಲ್‌ಗೆ ಹಣದ ಭದ್ರತೆ ಬೇಕೆಂಬ ಎಫ್‌ಎ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಲೀಗ್ ನಡುವೆ ಕ್ಲಬ್ ಮುಳುಗಿದರೆ ನಷ್ಟ ಎಲ್ಲರಿಗೂ. ಆದರೆ ತೀರ್ಪು ಹೇಳಿದ ಹೊತ್ತು ಅನ್ಯಾಯದ್ದು. ಗೆದ್ದರೂ ಸೋತರೂ ಜಾಗ ಹೋಗಿದೆ ಎಂದು ತಿಳಿದ ತಂಡ ಉಳಿದ ಸೀಸನ್ ಪೂರ್ತಿ ಆಡಬೇಕು. ಪ್ರಾಯೋಜಕರನ್ನೂ ಆಟಗಾರ್ತಿಯರನ್ನೂ ಯಾವ ಮುಖ ಇಟ್ಟುಕೊಂಡು ಉಳಿಸಿಕೊಳ್ಳುವುದು? ಆ ವರ್ಷ ಬೆಲ್ಸ್ ಕೊನೆಯ ಸ್ಥಾನದಲ್ಲೇ ಮುಗಿಸಿತು.

ಆದರೂ 2015ರಲ್ಲಿ ಎರಡನೇ ಡಿವಿಷನ್ನಿನಲ್ಲಿ ಎರಡನೇ ಸ್ಥಾನ ಗಳಿಸಿ ಮೇಲೆ ಬಂದರು. ಅಷ್ಟರಲ್ಲಿ ಅಂತರ ಬೆಳೆದುಬಿಟ್ಟಿತ್ತು: 2016ರಲ್ಲಿ ಬೆಲ್ಸ್ ಗೆದ್ದದ್ದು ಒಂದೇ ಪಂದ್ಯ, ಸಿಟಿ ಒಂದೂ ಸೋಲದೆ ಚಾಂಪಿಯನ್. ಮತ್ತೆ ಕೆಳಗಿಳಿದ ಬೆಲ್ಸ್ 2017–18ರಲ್ಲಿ ಎರಡನೇ ಡಿವಿಷನ್ ಗೆದ್ದಿತು. ಅದೇ ಬೇಸಿಗೆಯಲ್ಲಿ ಲೈಸೆನ್ಸ್ ನಿಯಮ ಮತ್ತೆ ಬದಲಾಗಿ ಮೇಲಿನ ಡಿವಿಷನ್ ಪೂರ್ಣಾವಧಿ ವೃತ್ತಿಪರವಾಯಿತು. ಪ್ರತಿ ಆಟಗಾರ್ತಿಗೆ ವಾರಕ್ಕೆ ಕನಿಷ್ಠ 16 ಗಂಟೆ ತರಬೇತಿ ಕಡ್ಡಾಯ. ಹಣ ಸಾಲದೆ ಬೆಲ್ಸ್ ಎರಡನೇ ಡಿವಿಷನ್ನಿನ ಲೈಸೆನ್ಸನ್ನೂ 2018ರ ಜುಲೈನಲ್ಲಿ ಬಿಟ್ಟುಕೊಟ್ಟು ನಾಲ್ಕನೇ ಹಂತಕ್ಕೆ ಹೋಯಿತು. ಆ ಸಲ ವೆಸ್ಟ್ ಹ್ಯಾಮ್ ಮೂರನೇ ಹಂತದಿಂದ ನೇರ ಮೊದಲನೆಯದಕ್ಕೆ ಬಂದರೆ, ಮ್ಯಾಂಚೆಸ್ಟರ್ ಯುನೈಟೆಡ್ ಹೊಸದಾಗಿ ಕಟ್ಟಿದ ತಂಡದೊಂದಿಗೆ ಎರಡನೆಯದಕ್ಕೆ ಬಂತು.

ಈಗ ಮೇಲಿನ ಎರಡು ಡಿವಿಷನ್‌ಗಳ ನಡುವೆ ಪಾಯಿಂಟ್ಸ್ ಮೇಲೆಯೇ ಏರಿಳಿತ ನಡೆಯುತ್ತದೆ. ಆದರೂ ಮೇಲೇರುವ ಸ್ಥಾನ ಗಳಿಸಿದ ತಂಡ ಲೈಸೆನ್ಸ್ ಷರತ್ತುಗಳನ್ನೂ ಪೂರೈಸಲೇಬೇಕು.