ಹಿಮ ಬಿದ್ದ ಬೀದಿಗೆ ಬಿಳಿ ಬಣ್ಣ ಎಷ್ಟು ಬೇಕು?

ಮೂರು ಸಲ ಕೆರೆದು ಹಾಕಿದ ಎಣ್ಣೆಬಣ್ಣದ ಕ್ಯಾನ್ವಾಸ್ ಇದು. ನಾಲ್ಕನೇ ಸಲ ಸುಮಾರಾಗಿ ಬಂತು. ಹೇಗೆ ಬಂತು ಅನ್ನೋದು ಮರೆತುಹೋಗುವ ಮುಂಚೆ ಬರೆದಿಡುತ್ತೇನೆ.

ಚಿತ್ರ ಇಷ್ಟೇ: ಸಂಜೆಯ ಓರೆ ಬಿಸಿಲು, ಹಿಮ ಮುಚ್ಚಿದ ಪೇಟೆಬೀದಿ. ಎಡಗಡೆ ಕಟ್ಟಡಗಳ ನೆರಳು ರಸ್ತೆಯ ಮುಕ್ಕಾಲು ಪಾಲು ನುಂಗಿದೆ. ಬಲಗಡೆ ಒಂದು ಪಟ್ಟಿಯಷ್ಟು ಬಿಸಿಲು.

ಬಿಳಿ ಕ್ಯಾನ್ವಾಸ್ ಮೇಲೆ ನೇರವಾಗಿ ಶುರು ಮಾಡಬೇಡಿ. ಬರ್ನ್ಟ್ ಸಿಯೆನಾ ಎಂಬ ಕೆಂಗಂದು ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿ ಬಳಿದು, ಬಟ್ಟೆಯಿಂದ ಒರೆಸಿಬಿಡಿ. ಆಮೇಲೆ ನೀಲಿ ಬಣ್ಣಗಳ ಸಂದಿಯಲ್ಲಿ ಆ ಕೆಂಗಂದು ಇಣುಕುತ್ತಿದ್ದರೆ ಚೆನ್ನ. ಪರ್ಸ್‌ಪೆಕ್ಟಿವ್ ಅಂದರೆ ದೂರ ಹೋದಂತೆ ಬೀದಿ ಕಿರಿದಾಗಿ ಕಾಣುವುದು, ಅದು ಮಾಮೂಲಿ ಬೀದಿಯದ್ದೇ.

ನಾನು ಎಡವಿದ್ದು ಇಲ್ಲಿ. ಹಿಮ ಅಂದ್ರೆ ಬಿಳಿ ಅಲ್ವಾ ಅಂತ ರಸ್ತೆ, ಚಾವಣಿ, ಕಾರು ಎಲ್ಲಕ್ಕೂ ಟೈಟಾನಿಯಂ ವೈಟ್ ಬಳಿದೆ. ನೆರಳಿಗೆ ಅದಕ್ಕೇ ಚೂರು ನೀಲಿ ಬೆರೆಸಿದೆ. ಸುಣ್ಣ ಚೆಲ್ಲಿದ ಹಾಗಾಯಿತು. ಬಿಸಿಲಿನ ಪಟ್ಟಿ ಹೊಳೆಯಬೇಕು, ಆದರೆ ಟ್ಯೂಬಿನ ಬಿಳಿಗಿಂತ ಬಿಳಿ ಎಲ್ಲಿಂದ ತರೋದು?

ಬೂದು ರಟ್ಟಿನಲ್ಲಿ ಎರಡು ಸಣ್ಣ ತೂತು ಮಾಡಿ, ನೋಡಿಕೊಂಡು ಬರೆಯುತ್ತಿದ್ದ ಫೋಟೊ ಮೇಲಿಟ್ಟೆ. ಒಂದರಲ್ಲಿ ನೆರಳಿನ ಹಿಮ, ಇನ್ನೊಂದರಲ್ಲಿ ಬಿಸಿಲು ಬಿದ್ದ ಹಳದಿ ಗೋಡೆ. ಯಾವುದು ಗಾಢ ಹೇಳಿ? ಹಿಮ! ನಂಬಲಿಲ್ಲ, ರಟ್ಟು ತೆಗೆದು ಮತ್ತೆ ಇಟ್ಟೆ. ಹಿಮ ಬಿಳಿ ಅಂತ ತಲೆಗೆ ಗೊತ್ತಿರುವುದರಿಂದ ಕಣ್ಣು ಅದನ್ನು ಬಿಳಿಯಾಗೇ ತೋರಿಸುತ್ತದೆ. ತೂತಿನಲ್ಲಿ ಮಾತ್ರ ಸ್ಲೇಟಿನಂಥ ನೀಲಿಬೂದು. ನೆರಳಿಗೆ ನೇರ ಬಿಸಿಲಿಲ್ಲ, ಆಕಾಶದ ಬೆಳಕೇ ಜಾಸ್ತಿ. ಅದಕ್ಕೇ ನೀಲಿ.

ಈಗ ನನ್ನ ಲೆಕ್ಕ ಹೀಗಿದೆ. ಕಪ್ಪು 1, ಟ್ಯೂಬಿನ ಬಿಳಿ 10 ಅಂದುಕೊಂಡರೆ, ಬಿಸಿಲಿನ ಹಿಮ 9, ಆ ಗೋಡೆ 7, ನೆರಳಿನ ಹಿಮ 5 ಅಥವಾ 6. ಹತ್ತನ್ನು ಮುಟ್ಟಲೇಬೇಡಿ, ಕೊನೆಯ ಎರಡು ಮೂರು ಚುಕ್ಕೆಗೆ ಉಳಿಸಿ.

ಬೆರೆಸುವುದೂ ಉಲ್ಟಾ. ಬಿಳಿಗೆ ನೀಲಿ ಹಾಕುತ್ತಾ ಹೋದರೆ ಧೈರ್ಯ ಸಾಲದೆ ತಿಳಿ ನೀಲಿಯಲ್ಲೇ ನಿಂತುಬಿಡುತ್ತೇವೆ. ಅಲ್ಟ್ರಾಮರೀನ್ (ಗಾಢ ನೀಲಿ) ಮತ್ತು ಬರ್ನ್ಟ್ ಸಿಯೆನಾ ಸೇರಿಸಿ ಮೊದಲು ಗಾಢ ಬೂದು ಮಾಡಿಕೊಳ್ಳಿ. ಅದಕ್ಕೆ ಬಿಳಿಯನ್ನು ಪ್ಯಾಲೆಟ್ ನೈಫಿನ (ಬಣ್ಣ ಬೆರೆಸುವ, ಬಳಿಯುವ ಅಲಗು) ತುದಿಯಷ್ಟೇ ಸೇರಿಸುತ್ತಾ ಮೇಲೆ ಬನ್ನಿ. ಅನುಮಾನ ಬಂದರೆ ಫ್ರೆಂಚ್ ಚಿತ್ರಕಾರ ಗುಸ್ತಾವ್ ಕೈಬಾಟ್ 1878ರಲ್ಲಿ ಬರೆದ ಪ್ಯಾರಿಸ್ ಚಾವಣಿಗಳ ಹಿಮದ ಚಿತ್ರ ನೋಡಿ. ಬಹುಪಾಲು ಬೂದೇ, ಆದರೂ ನೋಡಿದ ತಕ್ಷಣ ಹಿಮ ಅನ್ನಿಸುತ್ತದೆ.

ಚಕ್ರದ ಗುರುತುಗಳಿಗೆ ಕಪ್ಪು ಬೇಡ. ಒದ್ದೆ ರಸ್ತೆಯಲ್ಲಿ ಆಕಾಶ ಕಾಣುತ್ತದೆ, ಅದೇ ಬಣ್ಣವನ್ನು ಸ್ವಲ್ಪ ಗಾಢ ಮಾಡಿ ಎಳೆಯಿರಿ. ಹಿಮ ಬೀಳುತ್ತಿರುವಂತೆ ಬರೆಯುವವರು ಗಮನಿಸಿ, ಗೋಡೆಯೆದುರು ಬಿಳಿಯಾಗಿ ಕಾಣುವ ಹಿಮದ ಚೂರು ಬೆಳಕಿನ ಆಕಾಶದೆದುರು ಬೂದಾಗಿ ಕಾಣುತ್ತದೆ.

ಬಿಸಿಲಿನ ಪಟ್ಟಿ ಕೊನೆಗೆ. ಬಿಳಿಗೆ ಚೂರೇ ಚೂರು ಯೆಲ್ಲೋ ಓಕರ್ (ಮಣ್ಣಿನ ಹಳದಿ). ಎಣ್ಣೆ ಸೇರಿಸದೆ, ನೈಫಿನಲ್ಲಿ ದಪ್ಪಗೆ, ಒಂದೇ ಎಳೆತ. ಚೆನ್ನಾಗಿಲ್ಲ ಅಂತ ಅದರ ಮೇಲೇ ಇನ್ನೊಮ್ಮೆ ಎಳೆದೆ. ಕೆಳಗಿನ ಹಸಿ ನೀಲಿ ಮೇಲೆದ್ದು ಬಿಸಿಲೆಲ್ಲ ಹೋಯಿತು. ಮೂರನೇ ಸಲ ಕೆರೆದದ್ದು ಅದಕ್ಕೇ.