ಟವರ್ ಅಲ್ಲೇ ಇದೆ, ಸಿಗ್ನಲ್ ಎಲ್ಲಿ ಹೋಯಿತು?

"ಬೆಳಗ್ಗೆ ಐದೂವರೆಗೆ ನೆಟ್ ಜೋರಾಗಿ ಓಡುತ್ತೆ, ಒಂಬತ್ತಕ್ಕೆ ಸತ್ತೇ ಹೋಗುತ್ತೆ. ನಿಮ್ಮ ಟವರ್ ರಾತ್ರಿ ಪಾಳಿ ಮಾತ್ರ ಮಾಡ್ತದಾ ಮಾರಾಯ್ರೆ?"

2011ರಲ್ಲಿ ಮಾಟುಂಗದ ಉಡುಪಿ ಹೋಟೆಲೊಂದರ ಮಾಲೀಕರು ಗಲ್ಲಾದಲ್ಲಿ ಕೂತು ಕೇಳಿದ ಪ್ರಶ್ನೆ ಇದು. ನಾನು ಆಗ ಕಾರಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮುಂಬೈ ಬೀದಿಗಳಲ್ಲಿ ನೆಟ್‌ವರ್ಕ್ ಅಳೆಯುತ್ತಿದ್ದೆ. ನಮ್ಮೂರ ಕಡೆಯವನು ಅಂತ ಕಾಫಿಗೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಬದಲಿಗೆ ದೂರು ಕೊಡುತ್ತಿದ್ದರು. ಕಂಪ್ಯೂಟರಿಗೆ ಸಿಕ್ಕಿಸಿ 3ಜಿ ಇಂಟರ್ನೆಟ್ ಪಡೆಯುವ ಅವರ ಡಾಂಗಲ್‌ನ ಡಬ್ಬಿಯ ಮೇಲೆ 7.2 ಎಂಬಿಪಿಎಸ್ ಅಂತ ದಪ್ಪಕ್ಷರದಲ್ಲಿ ಬರೆದಿತ್ತು.

ಅದು ಮೆಗಾಬಿಟ್, ಮೆಗಾಬೈಟ್ ಅಲ್ಲ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 0.9 ಎಂಬಿ. ಅದೂ ಡಾಂಗಲ್‌ನ ತಾಕತ್ತು, ನೆಟ್‌ವರ್ಕ್ ಕೊಟ್ಟ ಮಾತಲ್ಲ.

ಹಾಗೆ ನೋಡಿದರೆ ಐಎಂಟಿ-2000 ಎಂಬ ಹೆಸರಿನಲ್ಲಿ 3ಜಿಗೆ ಹಾಕಿದ ಗುರಿ ಸಣ್ಣದೇ. ಓಡುವ ಗಾಡಿಯಲ್ಲಿ 144 ಕೆಬಿಪಿಎಸ್, ನಡೆಯುವವರಿಗೆ 384, ಒಳಗೆ ಕೂತವರಿಗೆ 2 ಎಂಬಿಪಿಎಸ್. ಆಮೇಲೆ 3ಜಿಯ ವೇಗ ಹೆಚ್ಚಿಸುವ ಎಚ್‌ಎಸ್‌ಡಿಪಿಎ ಬಂತು, 14.4 ಎಂಬಿಪಿಎಸ್ ಅಂದರು. ಈ ಲೆಕ್ಕ ನೆನೆದರೆ ನನಗೆ ಈಗಲೂ ನಗು. ಡೇಟಾ ಸಾಗಿಸಲು 15 ಕೋಡ್, ಅಂದರೆ 15 ಬೇರೆ ಬೇರೆ ಹಾದಿ. ಒಂದೊಂದರಲ್ಲಿ ಸೆಕೆಂಡಿಗೆ 2,40,000 ಸಿಂಬಲ್, ಅಂದರೆ ರೇಡಿಯೋ ಅಲೆಯ ಸಂಕೇತ. ಸಿಂಬಲ್‌ಗೆ 4 ಬಿಟ್. ಗುಣಿಸಿ ನೋಡಿ, ಸರಿಯಾಗಿ 14.4. ದಾರಿಯಲ್ಲಿ ಕೆಟ್ಟದ್ದನ್ನು ತಿದ್ದಿಕೊಳ್ಳಲು ಒಂದು ಬಿಟ್ಟೂ ಉಳಿಸಿಲ್ಲ! ಸ್ಟೆಪ್ನಿ ಇಲ್ಲದೆ ಘಾಟಿ ಇಳಿಯುವ ಲಾರಿಯ ಹಾಗೆ.

ಇರಲಿ, ಹೋಟೆಲ್‌ಗೆ ಬರೋಣ. ಅದೇ ಟೇಬಲ್ ಮೇಲೆ ಐದೂವರೆಗೆ ಒಮ್ಮೆ, ಒಂಬತ್ತಕ್ಕೆ ಒಮ್ಮೆ ಟೆಸ್ಟ್ ಫೋನ್ ಇಟ್ಟೆ. ಟವರ್‌ನ ಬಲ ಹೇಳುವ ಆರ್‌ಎಸ್‌ಸಿಪಿ ಎರಡೂ ಸಲ ಮೈನಸ್ 92ರ ಆಸುಪಾಸು. ಕೆಟ್ಟಿದ್ದು ಇಸಿ-ಐಒ. ಗದ್ದಲದ ನಡುವೆ ನಮ್ಮ ಟವರ್ ಎಷ್ಟು ಸ್ಪಷ್ಟ ಅನ್ನುವ ಅಳತೆ ಅದು. ಮೈನಸ್ 6 ಇದ್ದದ್ದು ಮೈನಸ್ 15ಕ್ಕೆ ಇಳಿದಿತ್ತು.

ಯಾಕೆ? ಈ 3ಜಿಯಲ್ಲಿ ಎಲ್ಲರೂ ಒಂದೇ ಫ್ರೀಕ್ವೆನ್ಸಿಯಲ್ಲಿ, ಒಂದೇ ಹೊತ್ತಿಗೆ ಮಾತಾಡುತ್ತಾರೆ. ಒಬ್ಬರನ್ನೊಬ್ಬರಿಂದ ಬೇರೆ ಮಾಡುವುದು ಕೋಡ್. ಡೊಂಬಿವಿಲಿ ಲೋಕಲ್‌ನಲ್ಲಿ ಮರಾಠಿ, ಹಿಂದಿ, ಗುಜರಾತಿ ಗಲಾಟೆಯ ನಡುವೆ ಆ ತುದಿಯಲ್ಲಿ ಯಾರೋ "ಊಟ ಆಯ್ತಾ" ಅಂದರೆ ನಮ್ಮ ಕಿವಿ ನೆಟ್ಟಗಾಗುತ್ತದೆ, ಅಲ್ವಾ? ಠಾಣೆಯಲ್ಲಿ ಇನ್ನಷ್ಟು ಜನ ನುಗ್ಗಿದ ಮೇಲೆ ಆ ತುದಿ ಕೇಳಿಸುವುದಿಲ್ಲ. ಪಕ್ಕದಲ್ಲಿ ನಿಂತವರ ಕನ್ನಡ ಮಾತ್ರ ಕೇಳುತ್ತದೆ. ಜನ ಜಾಸ್ತಿಯಾದಾಗ ಸೆಲ್, ಅಂದರೆ ಟವರ್‌ನ ಸಿಗ್ನಲ್ ಮುಟ್ಟುವ ಪ್ರದೇಶ, ಕುಗ್ಗುವುದೂ ಹೀಗೇ, ಕಡಿಮೆಯಾದಾಗ ಹಿಗ್ಗುತ್ತದೆ. ನಾವು ಇದನ್ನು ಸೆಲ್ ಬ್ರೀದಿಂಗ್ ಅನ್ನುತ್ತೇವೆ. ಆ ಹೋಟೆಲ್ ಇದ್ದದ್ದು ಸೆಲ್ಲಿನ ಅಂಚಿನಲ್ಲಿ. ಜೊತೆಗೆ ಹಳೇ ಕಟ್ಟಡದ ದಪ್ಪ ಗೋಡೆ. 900 ಮೆಗಾಹರ್ಟ್ಸ್‌ನ 2ಜಿ ಒಳಗೆ ನುಸುಳುವಷ್ಟು ಸಲೀಸಾಗಿ 2100ರ 3ಜಿ ನುಸುಳುವುದಿಲ್ಲ.

"ಹಾಗಾದ್ರೆ ಇನ್ನೊಂದು ಹಾಕಿ" ಅಂದರು ಮಾಲೀಕರು. ಇನ್ನೊಂದು ಕ್ಯಾರಿಯರ್, ಅಂದರೆ ಇನ್ನೊಂದು ಫ್ರೀಕ್ವೆನ್ಸಿ ಪಟ್ಟಿ, ಹಾಕಲು ಜಾಗ ಬೇಕಲ್ಲ! 2010ರ 3ಜಿ ತರಂಗಾಂತರದ ಹರಾಜು 34 ದಿನ ನಡೆಯಿತು. ಮುಂಬೈ ಒಂದಕ್ಕೇ ಸುಮಾರು 3,247 ಕೋಟಿ ರೂಪಾಯಿ ಕೊಟ್ಟ ಕಂಪನಿಗೆ ಸಿಕ್ಕಿದ್ದು 5 ಮೆಗಾಹರ್ಟ್ಸ್‌ನ ಒಂದೇ ಜೋಡಿ, ಹೋಗಲೊಂದು, ಬರಲೊಂದು. ಡಬ್ಲ್ಯುಸಿಡಿಎಂಎ, ಅಂದರೆ ನಮ್ಮ ಈ 3ಜಿಯ, ಕ್ಯಾರಿಯರ್ ಒಂದಕ್ಕೇ ಅಷ್ಟು ಬೇಕು. ಕಾಲ್ ಮಾತಾಡುವವರೂ ಅದರಲ್ಲೇ, ವಿಡಿಯೋ ನೋಡುವವರೂ ಅದರಲ್ಲೇ. ಎರಡು ಕ್ಯಾರಿಯರ್ ಜೋಡಿಸಿ 42 ಎಂಬಿಪಿಎಸ್ ಮಾಡುವ ವಿದ್ಯೆ ಸ್ಟ್ಯಾಂಡರ್ಡ್‌ನಲ್ಲಿ ಇತ್ತು. ಆ ಹಂಚಿಕೆಯಲ್ಲಿ ಅದರ ಮಾತೇ ಇಲ್ಲ.

ಕೊನೆಗೆ ಉದ್ದದ ಯುಎಸ್‌ಬಿ ವೈರ್ ತಂದು, ಡಾಂಗಲನ್ನು ರಸ್ತೆ ಕಡೆಯ ಕಿಟಕಿ ಸರಳಿಗೆ ದಾರದಿಂದ ಕಟ್ಟಿದೆವು. ಒಂಬತ್ತು ಗಂಟೆಗೆ 1 ಎಂಬಿಪಿಎಸ್ ಬಂತು. ನನಗೆ ಖುಷಿಯೋ ಖುಷಿ.

ಮಾಲೀಕರು ಡಬ್ಬಿ ತಿರುಗಿಸಿ ನೋಡಿದರು. "ಬಾಕಿ ಆರು ಎಲ್ಲಿ?" ಅಂದರು. ಆ ದಿನ ನನ್ನ ಕಾಫಿಗೂ ಬಿಲ್ ಬಂತು.